ನಾಯಿ ಜೊಲ್ಲು ಸುರಿಸಿದರೆ ಮೊದಲು ಏನು ನೋಡಬೇಕು?

ನಾಯಿಯ ಬಾಯಿಯಿಂದ ಜೊಲ್ಲು ಇಳಿಯುವುದು ಕಂಡರೆ ನಮ್ಮ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಹಸಿವೆ ಆಗಿರಬೇಕು ಅದಕ್ಕೆ, ಒಂದು ದೋಸೆ ಹಾಕು." ಇನ್ನೊಂದು, "ಹುಚ್ಚು ಹಿಡಿದಿರಬೇಕು, ಹತ್ತಿರ ಹೋಗಬೇಡ." ಎರಡೂ ಕೆಲವೊಮ್ಮೆ ನಿಜವೇ. ಆದರೆ ದೋಸೆಗೂ ಹುಚ್ಚಿಗೂ ನಡುವೆ ಹತ್ತಾರು ಕಾರಣಗಳಿವೆ. ಕೆಲವಕ್ಕೆ ಹಳೇ ಬಟ್ಟೆಯಿಂದ ಒರೆಸಿದರೆ ಮುಗಿಯಿತು, ಕೆಲವಕ್ಕೆ ತಡಮಾಡದೆ ಮೃಗಾಸ್ಪತ್ರೆ ಮುಟ್ಟಬೇಕು. ಯಾವುದು ಯಾವ ಬಗೆಯದೆಂದು ಅಂದಾಜು ಮಾಡುವುದು ಮನೆಯವರಿಗೂ ಸಾಧ್ಯ. ಜೊಲ್ಲು ಎಷ್ಟು ಸುರಿಯುತ್ತಿದೆ ಎನ್ನುವುದಕ್ಕಿಂತ, ಅದು ಎಂದಿನಿಂದ ಶುರುವಾಯಿತು, ಜೊತೆಗೆ ಇನ್ನೇನು ಕಾಣುತ್ತಿದೆ ಎಂಬುದು ಮುಖ್ಯ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ನಡುವೆ ಒಂದು ಮನೆ, ಕೂಗಳತೆ ದೂರದಲ್ಲಿ ಇನ್ನೊಂದು. ಹಂದಿ, ಮಂಗ, ನವಿಲು, ರಾತ್ರಿ ಬರುವ ಅಪರಿಚಿತರು ಎಲ್ಲಕ್ಕೂ ನಾಯಿಯೇ ಕಾವಲು. ಮೊದಲು ಎಲ್ಲರ ಮನೆಯಲ್ಲೂ ಊರ ನಾಯಿಯೇ ಇತ್ತು. ಅದರ ತುಟಿ ದವಡೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಆರೋಗ್ಯವಾಗಿದ್ದರೆ ಹನಿ ಜೊಲ್ಲೂ ಹೊರಗೆ ಬೀಳುವುದಿಲ್ಲ. ಹಾಗಾಗಿ ಜೊಲ್ಲು ಕಂಡರೆ ಏನೋ ಆಗಿದೆ ಎಂಬ ಹಿರಿಯರ ಲೆಕ್ಕ ಆ ನಾಯಿಗಳ ಮಟ್ಟಿಗೆ ಸರಿಯಾಗಿಯೇ ಇತ್ತು. ಈಗ ಲ್ಯಾಬ್ರಡಾರ್, ರಾಟ್‌ವೀಲರ್, ಪಗ್ ಎಲ್ಲ ಬಂದಿವೆ. ಅಪರೂಪಕ್ಕೆ ಸೇಂಟ್ ಬರ್ನಾರ್ಡ್ ಕೂಡ ಕಾಣಸಿಗುತ್ತದೆ. ಹಳೆಯ ಲೆಕ್ಕ ಇವಕ್ಕೆಲ್ಲ ಹೊಂದುವುದಿಲ್ಲ.

ಜೊಲ್ಲು ಬರುವುದು ಎಲ್ಲಿಂದ

ನಾಯಿಗೆ ನಾಲ್ಕು ಜೋಡಿ ದೊಡ್ಡ ಲಾಲಾಗ್ರಂಥಿಗಳಿವೆ: ಕಿವಿಯ ಬುಡದಲ್ಲಿ ಒಂದು ಜೋಡಿ, ಕೆಳದವಡೆಯ ಮೂಲೆಯಲ್ಲಿ ಒಂದು, ನಾಲಗೆಯ ಅಡಿಯಲ್ಲಿ ಒಂದು, ಕಣ್ಣಿನ ಕೆಳಗೆ ಕೆನ್ನೆಯೆಲುಬಿನ ಒಳಗಡೆ ಇನ್ನೊಂದು. ಈ ಕೊನೆಯದು ಮನುಷ್ಯರಿಗೆ ಇಲ್ಲ. ಕೆಲವು ನೀರಿನಂತೆ ತೆಳು ರಸ ಬಿಡುತ್ತವೆ, ಕೆಲವು ಲೋಳೆಯಂತೆ ದಪ್ಪಗಿನದು. ನಮ್ಮ ಎಂಜಲಿನಲ್ಲಿ ಅನ್ನದ ಪಿಷ್ಟವನ್ನು ಒಡೆಯುವ ಕಿಣ್ವ ಇದೆ. ನಾಯಿಯ ಜೊಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಾಯಿ ಅಗಿಯುವುದೂ ಕಡಿಮೆ, ನುಂಗುವುದೇ ಹೆಚ್ಚು. ತುತ್ತು ಜಾರಿ ಹೊಟ್ಟೆಗೆ ಇಳಿಯಬೇಕು, ಬಾಯಿ ಒಣಗಬಾರದು, ಹಲ್ಲಿನ ಸಂದು ತೊಳೆದುಹೋಗಬೇಕು. ಜೊಲ್ಲಿಗೆ ಇಷ್ಟು ಕೆಲಸ.

ಈ ರಸ ದಿನವಿಡೀ ಬರುತ್ತಲೇ ಇರುತ್ತದೆ, ನಾಯಿ ಅದನ್ನು ನುಂಗುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ನೀರು ಬಂದು ಸೇರುವ ತೊಟ್ಟಿ ಒಂದು ದಿನ ಉಕ್ಕಿತು ಅಂದುಕೊಳ್ಳಿ. ಒಂದೋ ಒರತೆ ಹೆಚ್ಚಾಗಿರಬೇಕು, ಇಲ್ಲವೇ ನೀರು ಹೊರಗೆ ಹೋಗುವ ಪೈಪು ಕಟ್ಟಿರಬೇಕು. ನಾಯಿಯ ಬಾಯಿಯದೂ ಅದೇ ಕಥೆ. ಕೆಲವು ಸಲ ಗ್ರಂಥಿಗಳೇ ವಿಪರೀತ ರಸ ಬಿಡುತ್ತವೆ: ವಾಕರಿಕೆ, ವಿಷ, ಬಾಯಿಯ ಉರಿ, ಹೆದರಿಕೆ ಇದ್ದಾಗ ಹೀಗಾಗುತ್ತದೆ. ಇನ್ನು ಕೆಲವು ಸಲ ರಸ ಎಂದಿನಷ್ಟೇ ಇರುತ್ತದೆ, ಆದರೆ ನುಂಗಲು ಆಗುವುದಿಲ್ಲ: ಗಂಟಲಲ್ಲಿ ಏನೋ ಸಿಕ್ಕಿದೆ, ದವಡೆ ನೋಯುತ್ತದೆ, ಅಥವಾ ನುಂಗುವ ಸ್ನಾಯುಗಳೇ ಸೋತಿವೆ. ವೈದ್ಯರು ಮೊದಲು ಬೇರ್ಪಡಿಸುವುದು ಇವೆರಡನ್ನೇ. ಎರಡನೆಯ ಗುಂಪಿನಲ್ಲಿ ಅತಿ ಅಪಾಯದ್ದೊಂದು ಇದೆ. ಅದನ್ನು ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಸೇಂಟ್ ಬರ್ನಾರ್ಡ್, ಮಾಸ್ಟಿಫ್, ಬ್ಯಾಸೆಟ್ ಹೌಂಡ್ ಜಾತಿಯವುಗಳಿಗೆ ಈ ಎರಡೂ ತೊಂದರೆ ಇರುವುದಿಲ್ಲ. ಅವುಗಳ ಮೇಲ್ದುಟಿ ದವಡೆಗಿಂತ ಕೆಳಗೆ ಜೋತುಬಿದ್ದಿರುತ್ತದೆ. ತುಟಿಯ ಮಡಿಕೆಯಲ್ಲಿ ಜೊಲ್ಲು ನಿಂತು, ತಲೆ ಕೊಡವಿದಾಗ ಗೋಡೆಗೆ ಹಾರುತ್ತದೆ. ಅದು ಅವುಗಳ ಮೈಕಟ್ಟು, ರೋಗವಲ್ಲ. ಆ ಮಡಿಕೆಯನ್ನು ದಿನಕ್ಕೊಮ್ಮೆಯಾದರೂ ಒರೆಸಿ ಒಣಗಿಸಬೇಕು. ನಮ್ಮ ಕರಾವಳಿಯ ಪಸೆ ಹವೆಯಲ್ಲಿ ಹಾಗೆಯೇ ಬಿಟ್ಟರೆ ಚರ್ಮ ಕೊಳೆತು ವಾಸನೆ ಬರುತ್ತದೆ. ಇಂಥ ನಾಯಿಗಳ ವಿಷಯದಲ್ಲಿ "ಜೊಲ್ಲು ಇದೆಯೇ?" ಎಂದು ಕೇಳಿ ಪ್ರಯೋಜನವಿಲ್ಲ. "ನಿನ್ನೆಗಿಂತ ಹೆಚ್ಚಿದೆಯೇ?" ಎಂದು ಕೇಳಿಕೊಳ್ಳಬೇಕು.

ಹೆದರಬೇಕಿಲ್ಲದ ಜೊಲ್ಲು

ಬೆಳಗ್ಗೆ ಮೀನಿನವರ ಸ್ಕೂಟರ್ ಹಾರ್ನ್ ರಸ್ತೆಯ ತಿರುವಿನಲ್ಲಿ ಕೇಳಿದ ಕೂಡಲೇ ಗೇಟಿನ ಹತ್ತಿರ ಓಡಿ ನಿಲ್ಲುವ ನಾಯಿಗಳನ್ನು ಕುಂಬಳೆ, ಉಪ್ಪಳ ಕಡೆ ಎಲ್ಲರೂ ನೋಡಿರುತ್ತೀರಿ. ಮೀನು ಇನ್ನೂ ಕಂಡಿಲ್ಲ, ವಾಸನೆಯೂ ಬಂದಿಲ್ಲ, ಜೊಲ್ಲು ಮಾತ್ರ ಇಳಿಯುತ್ತಿದೆ. ರಷ್ಯಾದ ಇವಾನ್ ಪಾವ್ಲೊವ್ ತನ್ನ ಪ್ರಯೋಗಶಾಲೆಯ ನಾಯಿಗಳಲ್ಲಿ ಗಮನಿಸಿದ್ದು ಇದನ್ನೇ. ಊಟ ಕೊಡುವ ಮೊದಲು ಪ್ರತಿ ಸಲವೂ ಒಂದೇ ಸದ್ದು ಕೇಳಿಸಿದರೆ, ಕೆಲವು ದಿನದ ಮೇಲೆ ಸದ್ದಿಗೇ ಬಾಯಲ್ಲಿ ನೀರೂರುತ್ತದೆ. ಜೀರ್ಣಕ್ರಿಯೆಯ ಕುರಿತ ಸಂಶೋಧನೆಗೆ 1904ರಲ್ಲಿ ಅವರಿಗೆ ನೊಬೆಲ್ ಬಂತು. ಊಟದ ಹೊತ್ತಿಗೆ ಶುರುವಾಗಿ ಊಟ ಮುಗಿದ ಸ್ವಲ್ಪ ಹೊತ್ತಿನಲ್ಲಿ ನಿಲ್ಲುವ ಜೊಲ್ಲಿಗೆ ಯಾವ ಮದ್ದೂ ಬೇಡ.

ಕಾರು ಹತ್ತಿಸಿದರೆ ಜೊಲ್ಲು ಸುರಿಸುವ ನಾಯಿಗಳಿವೆ. ಮರಿಗಳಲ್ಲಿ ಇದು ಹೆಚ್ಚು. ಪೆರ್ಲದಿಂದ ಪುತ್ತೂರಿಗೆ ಹೋಗುವಂಥ ತಿರುವು ಮುರುವು ರಸ್ತೆಯಲ್ಲಿ ಮನುಷ್ಯರಿಗೇ ತಲೆ ಸುತ್ತುತ್ತದೆ. ವಾಂತಿಯ ಮುನ್ಸೂಚನೆಯೇ ಜೊಲ್ಲು: ನಾಯಿ ತುಟಿ ನೆಕ್ಕುತ್ತದೆ, ಪದೇಪದೇ ನುಂಗುತ್ತದೆ, ಆಕಳಿಸುತ್ತದೆ, ಆಮೇಲೆ ಹೊರಗೆ ಹಾಕುತ್ತದೆ. ಹೊರಡುವ ಮೊದಲು ಹೊಟ್ಟೆ ತುಂಬ ಹಾಕದಿರುವುದು, ಕಿಟಕಿ ಸ್ವಲ್ಪ ತೆರೆದಿಡುವುದು, ಮರಿಯನ್ನು ಮೊದಮೊದಲು ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗುವುದು ಇಷ್ಟರಲ್ಲೇ ಹೆಚ್ಚಿನವು ಸರಿಹೋಗುತ್ತವೆ. ವಿಷು, ದೀಪಾವಳಿಯ ಪಟಾಕಿಗೂ, ಮಳೆ ಹಿಡಿಯುವ ಮೊದಲಿನ ಗುಡುಗಿಗೂ ಹೆದರಿ ಜೊಲ್ಲು ಸುರಿಸುವವು ಇವೆ. ಅವಕ್ಕೆ ಒಂದು ಕತ್ತಲೆ ಕೋಣೆ, ಪರಿಚಯದವರ ಸದ್ದು ಸಾಕು.

ನಾಲ್ಕರಿಂದ ಆರು ತಿಂಗಳ ಮರಿಯ 28 ಹಾಲುಹಲ್ಲು ಬಿದ್ದು 42 ಗಟ್ಟಿ ಹಲ್ಲು ಬರುವಾಗಲೂ ಜೊಲ್ಲು ಇಳಿಯುತ್ತದೆ, ಒಮ್ಮೊಮ್ಮೆ ಅದರಲ್ಲಿ ರಕ್ತದ ಎಳೆಯೂ ಇರುತ್ತದೆ. ಕಹಿ ಮಾತ್ರೆ ಕೊಟ್ಟ ಮೇಲೆ ಬಾಯಲ್ಲಿ ನೊರೆ ಬಂದರೆ ವಿಷವಾಯಿತೆಂದು ಗಾಬರಿಯಾಗುವವರಿದ್ದಾರೆ. ಸ್ವಲ್ಪ ನೀರು ಕುಡಿಸಿ ಕಾದುನೋಡಿ, ಅದು ತಾನಾಗಿ ಇಳಿಯುತ್ತದೆ.

ಮಾರ್ಚ್ ತಿಂಗಳ ನಂತರ

ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಕ್ಕಾಗುವುದಿಲ್ಲ. ಬೆವರುವ ಗ್ರಂಥಿಗಳು ಮುಖ್ಯವಾಗಿ ಇರುವುದು ಪಾದದ ಅಡಿಯಲ್ಲಿ. ಮೈಯ ಬಿಸಿ ಹೊರಹಾಕಲು ಅದಕ್ಕಿರುವ ದೊಡ್ಡ ದಾರಿ ಏದುಸಿರು: ನಾಲಗೆ ಚಾಚಿ ವೇಗವಾಗಿ ಉಸಿರಾಡುತ್ತದೆ, ಬಾಯಿಯ ಪಸೆ ಆವಿಯಾಗುತ್ತದೆ, ಆವಿಯ ಜೊತೆ ಬಿಸಿಯೂ ಹೋಗುತ್ತದೆ. ಹಾಗಾಗಿ ಸೆಕೆಗೆ ಜೊಲ್ಲು ಹೆಚ್ಚಾಗುವುದು ದೇಹದ ಉಪಾಯವೇ.

ಈ ಉಪಾಯಕ್ಕೆ ಒಣ ಗಾಳಿ ಬೇಕು. ಬಯಲುಸೀಮೆಯ ಬಿಸಿಲು ನಮ್ಮದಕ್ಕಿಂತ ಖಾರವಾಗಿದ್ದರೂ ಅಲ್ಲಿ ಪಸೆ ಬೇಗ ಆರುತ್ತದೆ. ಕಾಸರಗೋಡಿನ ಏಪ್ರಿಲ್, ಮೇ ಹಾಗಲ್ಲ. ಗಾಳಿಯೇ ನೀರು ಕುಡಿದಂತಿರುತ್ತದೆ, ಹಗ್ಗದ ಮೇಲಿನ ಬಟ್ಟೆಯೇ ಬೇಗ ಒಣಗದಿದ್ದಾಗ ನಾಲಗೆಯ ಪಸೆ ಹೇಗೆ ಒಣಗೀತು? ನಾಯಿ ಏದುಸಿರು ಬಿಡುತ್ತಲೇ ಇರುತ್ತದೆ, ಮೈ ತಣಿಯುವುದಿಲ್ಲ. ಸಾಮಾನ್ಯವಾಗಿ ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ರ ಸಮೀಪ ಹೋದರೆ ಮೆದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು. ಜೊಲ್ಲು ದಪ್ಪವಾಗಿ ದಾರದಂತೆ ಜೋತು, ವಸಡು ಕಡುಗೆಂಪಾಗಿ, ನಾಯಿ ತೂರಾಡಿದರೆ ಅದು ಬರೀ ಸೆಕೆಯಲ್ಲ, ಶಾಖಾಘಾತ. ಕೂಡಲೇ ನೆರಳಿಗೆ ತಂದು, ಮೈಮೇಲೆ ಬಾವಿಯ ನೀರು ಹೊಯ್ಯುತ್ತ ಫ್ಯಾನ್ ಹಾಕಿ. ಮೊದಲು ತಣಿಸಿ, ಆಮೇಲೆ ಹೊರಡಿ. ಪಗ್‌ನಂಥ ಮೊಂಡುಮೂಗಿನ ನಾಯಿಗಳು ಈ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತು ಅಂಗಳಕ್ಕೆ ಇಳಿಯದಿರುವುದೇ ಒಳ್ಳೆಯದು. ತಗಡಿನ ಗೂಡಿನಲ್ಲಿ ಕೂಡಿಹಾಕಿ ಮದುವೆಗೋ ಜಾತ್ರೆಗೋ ಹೋಗುವುದಂತೂ ಕ್ರೂರ ಕೆಲಸ.

ಬಾಯಿಯ ಒಳಗೆ

ದಿನಗಟ್ಟಲೆ ನಿಲ್ಲದ ಜೊಲ್ಲಿಗೆ ಬಹುಪಾಲು ಸಲ ಕಾರಣ ಬಾಯಿಯಲ್ಲೇ ಇರುತ್ತದೆ. ನಾಯಿಯ ಜೊಲ್ಲು ಕ್ಷಾರಗುಣದ್ದು. ಹಾಗಾಗಿ ಹುಳುಕು ಹಲ್ಲು ಕಡಿಮೆ, ಆದರೆ ಸುಣ್ಣದಂಥ ಗಾರೆ ಬೇಗ ಕಟ್ಟುತ್ತದೆ. ಗಾರೆಯ ಅಡಿಯಲ್ಲಿ ವಸಡು ಕೀವಾಗಿ, ಹಲ್ಲು ಅಲ್ಲಾಡಿ, ನೋವಿಗೆ ನಾಯಿ ನುಂಗುವುದನ್ನೇ ಕಡಿಮೆ ಮಾಡುತ್ತದೆ. ವಾಸನೆ, ಒಂದೇ ಪಕ್ಕದಲ್ಲಿ ಅಗಿಯುವುದು, ಅನ್ನ ಬೇಕೆಂದು ಬಂದು ಮೂಸಿ ಹಿಂದೆ ಸರಿಯುವುದು ಇದರ ಗುರುತು. ವಯಸ್ಸಾದ ನಾಯಿಯ ಬಾಯಿಯಿಂದ ಮೂತ್ರದಂಥ ವಾಸನೆ ಬಂದು, ಅದು ನೀರು ಹೆಚ್ಚು ಕುಡಿಯುತ್ತಿದ್ದರೆ ಮೂತ್ರಪಿಂಡ ಸೋತಿರಬಹುದು; ರಕ್ತದಲ್ಲಿ ಉಳಿದ ಕಲ್ಮಶದಿಂದ ನಾಲಗೆಯಲ್ಲಿ ಹುಣ್ಣಾಗುತ್ತದೆ. ಒಂದೇ ಪಕ್ಕದಿಂದ ರಕ್ತ ಬೆರೆತ ಜೊಲ್ಲು ಬರುತ್ತಿದ್ದರೆ ಒಳಗೆ ಗಡ್ಡೆ ಇದೆಯೇ ಎಂದು ನೋಡಿಸಬೇಕು.

ನೀರ್ಚಾಲು ಕಡೆಯ ನೆಂಟರ ಮನೆಯ ನಾಯಿಗೆ ಆದದ್ದನ್ನು ಇಲ್ಲಿ ಹೇಳಬೇಕು. ಹಿಂದಿನ ದಿನದವರೆಗೆ ಸರಿಯಿದ್ದ ನಾಯಿ ಬೆಳಗ್ಗೆ ಜಗಲಿಯ ಮೆಟ್ಟಿಲಿಗೆ ಮೂತಿ ಉಜ್ಜುತ್ತಿತ್ತು. ಮುಂಗಾಲಿನಿಂದ ಬಾಯಿಯನ್ನು ಕೆರೆಯುತ್ತಿತ್ತು, ನಾಲಗೆ ಒಂದು ಗಳಿಗೆ ಸುಮ್ಮನಿರಲಿಲ್ಲ. ಎರಡೂ ಪಕ್ಕದಿಂದ ಜೊಲ್ಲು, ಅದರಲ್ಲಿ ತೆಳು ಗುಲಾಬಿ ಬಣ್ಣ. ಬಾಯಿ ಬಿಡಿಸಿ ನೋಡುವುದಕ್ಕೆ ಅಲ್ಲಿನ ಹುಡುಗ ಕೈ ಚಾಚಿದ್ದ. ಅತ್ತೆ ತಡೆದು, ಜೀಪಿನಲ್ಲಿ ಮೃಗಾಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಬಾಯಿ ಮುಟ್ಟುವ ಮೊದಲೇ ಕೇಳಿದ್ದು, "ಅಮ್ಮಾ, ಇದರ ಲಸಿಕೆ ಪುಸ್ತಕ ತಂದಿದ್ದೀರಾ?" ಪುಸ್ತಕ ಇತ್ತು, ಮುದ್ರೆ ಆ ವರ್ಷದ್ದೇ. ಆಮೇಲೆ ಮಂಪರಿನ ಇಂಜೆಕ್ಷನ್ ಕೊಟ್ಟು, ಕೈಗವಸು ಹಾಕಿ, ಟಾರ್ಚ್ ಬಿಟ್ಟು ನೋಡಿದರು. ಮೇಲಂಗುಳಿಗೆ ಅಡ್ಡವಾಗಿ, ಎರಡು ಬದಿಯ ದವಡೆಹಲ್ಲಿನ ನಡುವೆ ಬೆರಳುದ್ದದ ಮೂಳೆಯ ತುಂಡೊಂದು ಹೊಲಿದಂತೆ ಕೂತಿತ್ತು. ಇಕ್ಕಳದಲ್ಲಿ ಹಿಡಿದು ಸ್ವಲ್ಪ ತಿರುಗಿಸಿದ್ದೇ ಕಳಚಿಬಂತು. ಸಂಜೆಗೆ ನಾಯಿ ಗಂಜಿ ಕುಡಿಯಿತು. ಮೂಳೆ ತೆಗೆದದ್ದಕ್ಕಿಂತ, ಮೊದಲು ಪುಸ್ತಕ ಕೇಳಿದ್ದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಯಾಕೆಂದು ಮುಂದೆ ಗೊತ್ತಾಗುತ್ತದೆ.

ತೋಟ, ಅಂಗಳ, ಗುಡ್ಡ

ನಮ್ಮ ಕಡೆಯ ನಾಯಿ ಅಂಗಳದಲ್ಲೇ ಬಾಯಿ ಸುಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬಚ್ಚಲ ನೀರು ಹೋಗುವಲ್ಲಿ ಬೆಳೆಯುವ ಕೆಸುವನ್ನು ಮರಿ ಕಚ್ಚಿದರೆ ಸಾಕು. ಕೆಸು, ಸುವರ್ಣಗೆಡ್ಡೆ, ಚಟ್ಟಿಯಲ್ಲಿ ಅಲಂಕಾರಕ್ಕೆ ಇಡುವ ಡೀಫನ್‌ಬಾಕಿಯ ಎಲ್ಲದರ ಒಳಗೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಸೂಜಿಗಳಿವೆ. ಅವು ನಾಲಗೆಗೆ ಚುಚ್ಚಿಕೊಂಡು ತುರಿಸುತ್ತವೆ, ಜೊಲ್ಲು ಸುರಿಯುತ್ತದೆ. ಪತ್ರೊಡೆಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ನಮ್ಮ ಗಂಟಲಿಗೆ ಆಗುವುದೂ ಇದರಿಂದಲೇ. ಬಾಯಿ ತೊಳೆದು, ತಣ್ಣನೆಯ ಮಜ್ಜಿಗೆಯೋ ನೀರೋ ಕೊಟ್ಟರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮುಖ ಬಾತು ಉಸಿರು ಕಟ್ಟಿದರೆ ಮಾತ್ರ ಕಾಯಬಾರದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯ ಚರ್ಮವನ್ನೇ ಸುಡುತ್ತದೆ. ಬೀಜ ಒಟ್ಟುಮಾಡುವ ಕಾಲದಲ್ಲಿ ಮರಿ ಅದನ್ನು ಅಗಿಯದಂತೆ ನೋಡಿಕೊಳ್ಳಬೇಕು. ಜೇನುನೊಣ, ಕಣಜವನ್ನು ಬಾಯಲ್ಲಿ ಹಿಡಿಯಲು ಹೋಗಿ ತುಟಿ ಊದಿಸಿಕೊಳ್ಳುವ ಮರಿಗಳೂ ಬಹಳ.

ಕಪ್ಪೆಯದು ಇದಕ್ಕಿಂತ ಗಂಭೀರ. ಮಳೆ ಬಿದ್ದ ರಾತ್ರಿ ಜಗಲಿಯ ದೀಪದ ಅಡಿಗೆ ಹುಳ ಹಿಡಿಯಲು ಬಂದು ಕೂರುವ, ಮೈತುಂಬ ಗುಳ್ಳೆಗಳಿರುವ ನೆಲಗಪ್ಪೆಯ ಕಿವಿಯ ಹಿಂದೆ ಉಬ್ಬಿದ ಗ್ರಂಥಿಗಳಿವೆ. ನಾಯಿ ಕಚ್ಚಿದ ಕೂಡಲೇ ಅಲ್ಲಿಂದ ಹಾಲಿನಂಥ ವಿಷ ಒಸರುತ್ತದೆ. ಕ್ಷಣದಲ್ಲೇ ಬಾಯಿತುಂಬ ನೊರೆ, ತಲೆ ಕೊಡವುವುದು, ಮೂತಿ ನೆಲಕ್ಕೆ ತಿಕ್ಕುವುದು. ವಿಷ ಒಳಗಿಳಿದರೆ ಹೃದಯದ ಬಡಿತ ತಪ್ಪುತ್ತದೆ, ಸೆಳವು ಬರಬಹುದು. ಬಾಯಿ ತೊಳೆಯುವ ಕ್ರಮ ಇಲ್ಲಿ ಮುಖ್ಯ. ನಾಯಿಯ ಮೂತಿಯನ್ನು ಕೆಳಮುಖವಾಗಿ ಹಿಡಿದು, ಪೈಪಿನ ನೀರನ್ನು ಬಾಯಿಯ ಒಂದು ಪಕ್ಕದಿಂದ ಮುಂದಕ್ಕೆ ಹರಿಯುವಂತೆ ನಿಧಾನವಾಗಿ ಬಿಡಿ. ಗಂಟಲಿಗೆ ನೇರ ಹೊಯ್ದರೆ ವಿಷವನ್ನು ನಾವೇ ನುಂಗಿಸಿದ ಹಾಗೆ. ಒದ್ದೆ ಬಟ್ಟೆಯಿಂದ ವಸಡು ಒರೆಸಿ. ತೊಳೆದ ಮೇಲೂ ನೊರೆ ನಿಲ್ಲದಿದ್ದರೆ, ನಡಿಗೆ ತಪ್ಪಿದರೆ ಹೊರಡಿ.

ಮುಂದಿನದು ತೋಟಕ್ಕೆ ಬಿಡುವ ಮದ್ದು. ಕೀಟನಾಶಕ ಎಂದರೆ ಏನೆಂದು ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಡ್ರೆಯಂಥ ಊರುಗಳ ಗುಡ್ಡದ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನೂ ಅದರ ಫಲವನ್ನೂ ನಾವು ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಆದರೆ ತೋಟದ ಕೊಟ್ಟಿಗೆಯಲ್ಲಿ ಬೇರೆ ಬಾಟಲಿಗಳು ಈಗಲೂ ಇವೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಜೊಲ್ಲು ಬರಿಸುವ ಬಗೆಯನ್ನು ತಿಳಿದರೆ ಉಳಿದ ಲಕ್ಷಣಗಳೂ ಅರ್ಥವಾಗುತ್ತವೆ. ನರ ಗ್ರಂಥಿಗೆ "ರಸ ಬಿಡು" ಎಂದು ತಿಳಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಆದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು, ಮೂತ್ರ, ಭೇದಿ ಒಟ್ಟೊಟ್ಟಿಗೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಸ್ನಾಯುಗಳು ಅದುರುತ್ತವೆ, ಶ್ವಾಸಕೋಶದಲ್ಲೂ ರಸ ತುಂಬುತ್ತದೆ. ಅಟ್ರೋಪಿನ್ ಎಂಬ ಇಂಜೆಕ್ಷನ್ ಇದಕ್ಕೆ ಇದೆ, ಬೇಗ ಸಿಕ್ಕಿದರೆ ನಾಯಿ ಬದುಕುತ್ತದೆ. ಮೈಮೇಲೆ ಚೆಲ್ಲಿದ್ದರೆ ಕೈಗವಸು ಹಾಕಿಕೊಂಡು ಸಾಬೂನಿನಲ್ಲಿ ತೊಳೆಯಬೇಕು. ಉಣುಗು ಸಾಯಲಿ ಎಂದು ತೋಟದ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಗೆ ಹಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಬ್ಯಾರಲಿನ ಬುಡದಲ್ಲಿ ಉಳಿದ ಮೈಲುತುತ್ತಿನ ನೀರನ್ನು ನಾಯಿ ನೆಕ್ಕಿದರೆ ಜೊಲ್ಲು, ವಾಂತಿ ಖಚಿತ. ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ರುಚಿಯಾಗಿರುತ್ತದೆ. ತಿಂದರೆ ಜೊಲ್ಲಿನ ಹಿಂದೆಯೇ ಮೈನಡುಕ, ವಿಪರೀತ ಜ್ವರ. ಇಲಿಪಾಷಾಣವೂ ಅಷ್ಟೇ. ಇಂಥ ಹೊತ್ತಿನಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ನಡುಗುವ ನಾಯಿಯ ಶ್ವಾಸನಾಳಕ್ಕೆ ಅದು ಹೋಗಿಬಿಡುತ್ತದೆ, ಉಪ್ಪೇ ಇನ್ನೊಂದು ವಿಷವಾಗುತ್ತದೆ.

ನಾಗರಹಾವು ಕಚ್ಚಿದ ನಾಯಿಯೂ ಜೊಲ್ಲು ಸುರಿಸುತ್ತದೆ. ಆ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ರೆಪ್ಪೆ ಜೋಲುತ್ತದೆ, ಹಿಂಗಾಲು ಸೋಲುತ್ತದೆ, ಗಂಟಲು ನುಂಗುವುದನ್ನು ನಿಲ್ಲಿಸುತ್ತದೆ. ಕಟ್ಟು ಕಟ್ಟಿ, ಕುಯ್ದು, ನಾಟಿ ಮದ್ದು ಅರೆಯುತ್ತ ಕೂರುವುದರಲ್ಲಿ ಹೊತ್ತು ಹೋಗಬಾರದು. ಮನುಷ್ಯರಿಗೆ ಕೊಡುವ ಹಾವಿನ ವಿಷದ ಪ್ರತಿವಿಷವೇ ನಾಯಿಗೂ ಮದ್ದು. ಇನ್ನೊಂದನ್ನು ಸಣ್ಣಕ್ಕೆ ಹೇಳಿಬಿಡುತ್ತೇನೆ: ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಊಟದ ನಂತರ ಹೊಟ್ಟೆ ಉಬ್ಬಿ, ಏನೂ ಹೊರಗೆ ಬಾರದ ವಾಕರಿಕೆಯ ಜೊತೆ ಜೊಲ್ಲು ಸುರಿಸಿದರೆ ಹೊಟ್ಟೆ ತಿರುಚಿರಬಹುದು. ಶಸ್ತ್ರಚಿಕಿತ್ಸೆ ಬಿಟ್ಟು ಬೇರೆ ದಾರಿಯಿಲ್ಲ, ಬೆಳಗಾಗಲಿ ಎಂದು ಕಾಯುವಂತೆಯೂ ಇಲ್ಲ.

ಬಾಯಿಗೆ ಕೈ ಹಾಕುವ ಮೊದಲು

ಹುಚ್ಚುನಾಯಿ ಎಂದರೆ ಎಲ್ಲರ ಕಣ್ಣಿಗೆ ಬರುವುದು ಕೆಂಗಣ್ಣು ಬಿಟ್ಟು, ನೊರೆ ಕಾರುತ್ತ, ಕಂಡಕಂಡವರನ್ನು ಕಚ್ಚುತ್ತ ಓಡುವ ನಾಯಿ. ರೇಬೀಸ್ ಹೀಗೂ ಬರುತ್ತದೆ. ಆದರೆ ಮನೆಯವರನ್ನು ಏಮಾರಿಸುವುದು ಇನ್ನೊಂದು ಬಗೆ. ನಾಯಿ ಮೂಲೆ ಹಿಡಿದು ಮಲಗುತ್ತದೆ. ಕೆಳದವಡೆ ಜೋತುಬಿದ್ದು ಬಾಯಿ ಮುಚ್ಚುವುದಿಲ್ಲ. ನಾಲಗೆ ಹೊರಗೇ ಇರುತ್ತದೆ, ಜೊಲ್ಲು ನಿಲ್ಲದೆ ಇಳಿಯುತ್ತದೆ. ಬೊಗಳುವ ದನಿ ಒಡೆದಂತಾಗುತ್ತದೆ. ನೋಡಿದವರಿಗೆ ಅನಿಸುವುದು ಒಂದೇ: ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ. ಪ್ರೀತಿಯಿಂದ ಬಾಯಿ ತೆರೆದು ಬೆರಳು ಹಾಕುತ್ತಾರೆ. ನಾಯಿ ಕಚ್ಚುವುದೂ ಇಲ್ಲ. ಆದರೆ ಬೆರಳಿನಲ್ಲಿ ಅಡಿಕೆ ಸುಲಿದ ಗಾಯವೋ, ಕತ್ತಿ ತಾಗಿದ ಗೀರೋ ಇದ್ದರೆ ಆ ಜೊಲ್ಲಿಗೆ ಅಷ್ಟೇ ಸಾಕು.

ರೇಬೀಸಿನಲ್ಲಿ ಜೊಲ್ಲು ಯಾಕೆ ಅಷ್ಟು ಅಪಾಯ ಎಂದು ತಿಳಿಯಲು ವೈರಸಿನ ದಾರಿ ನೋಡಬೇಕು. ಕಚ್ಚಿದ ಜಾಗದಿಂದ ಅದು ನರಗಳ ಮೂಲಕ ನಿಧಾನವಾಗಿ ಮೆದುಳಿಗೆ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಬೇಕು. ಮೆದುಳು ಸೇರಿದ ಮೇಲೆ ಮತ್ತೆ ನರಗಳ ಮೂಲಕವೇ ಲಾಲಾಗ್ರಂಥಿಗೆ ಇಳಿದು ಅಲ್ಲಿ ಹೆಚ್ಚುತ್ತದೆ. ಅದೇ ಹೊತ್ತಿಗೆ ನುಂಗುವ ಸ್ನಾಯುಗಳ ನರಗಳು ಸೋಲುತ್ತವೆ. ವೈರಸ್ ತುಂಬಿದ ಜೊಲ್ಲನ್ನು ನಾಯಿ ನುಂಗಲಾರದು, ಎಲ್ಲವೂ ಹೊರಗೆ ಸುರಿಯುತ್ತದೆ. ಜೊಲ್ಲೇ ಈ ರೋಗದ ವಾಹನ ಎಂಬುದನ್ನು ಜರ್ಮನಿಯ ಜಾರ್ಜ್ ಗಾಟ್‌ಫ್ರೀಡ್ ಜಿಂಕೆ 1804ರಲ್ಲಿ ತೋರಿಸಿದ್ದರು. ಲೂಯಿ ಪಾಸ್ಟರ್ ಅವರ ಲಸಿಕೆ ಮನುಷ್ಯರಿಗೆ ಬಂದದ್ದು 1885ರಲ್ಲಿ.

ಕಚ್ಚಿದ ನಾಯಿಯನ್ನು 10 ದಿನ ನೋಡಬೇಕು ಎನ್ನುವ ಲೆಕ್ಕವೂ ಇದರಿಂದಲೇ ಬಂದದ್ದು. ಲಕ್ಷಣ ಕಾಣುವುದಕ್ಕೆ ಕೆಲವೇ ದಿನ ಮೊದಲು ಜೊಲ್ಲಿಗೆ ವೈರಸ್ ಇಳಿಯುತ್ತದೆ. ಕಚ್ಚಿದ ದಿನ ಜೊಲ್ಲಿನಲ್ಲಿ ಅದು ಇದ್ದಿದ್ದರೆ 10 ದಿನದೊಳಗೆ ನಾಯಿಗೆ ರೋಗ ಕಾಣಲೇಬೇಕು. ಹಾಗೆಂದು ಲಸಿಕೆ ಹಾಕಿಸದೆ 10 ದಿನ ಕಾಯುವುದಲ್ಲ. ಲಸಿಕೆ ಆ ದಿನವೇ ಶುರುವಾಗಬೇಕು, ನೋಡುವುದು ಜೊತೆಗೆ ನಡೆಯಬೇಕು.

"ನೀರು ಕುಡಿಯಲು ಹೋಗುತ್ತಿದೆ, ಹಾಗಾಗಿ ಹುಚ್ಚಲ್ಲ" ಎಂಬ ಮಾತು ನಮ್ಮಲ್ಲಿ ಬಹಳ ಕೇಳುತ್ತದೆ. ಇದನ್ನು ನಂಬಬೇಡಿ. ನೀರಿನ ಹೆದರಿಕೆ ಮನುಷ್ಯರಲ್ಲಿ ಕಾಣುವ ಲಕ್ಷಣ. ರೇಬೀಸ್ ಹಿಡಿದ ನಾಯಿ ನೀರಿನ ಪಾತ್ರೆಗೆ ಬಾಯಿ ಹಾಕುತ್ತದೆ, ನುಂಗಲು ಆಗದೆ ನೀರು ಪಕ್ಕದಿಂದ ಇಳಿದುಹೋಗುತ್ತದೆ.

ಹಾಗಾದರೆ ಜೋತ ದವಡೆಯ ನಾಯಿ ಕಂಡರೆ? ಲಸಿಕೆ ಆಗಿಲ್ಲ, ಅಥವಾ ಆದದ್ದು ನೆನಪಿಲ್ಲ ಎಂದಾದರೆ ಮುಟ್ಟಲೇಬೇಡಿ. ಮಕ್ಕಳನ್ನು, ಬೇರೆ ನಾಯಿಗಳನ್ನು, ದನಗಳನ್ನು ದೂರವಿಡಿ. ಆಗುವುದಾದರೆ ಒಂದು ಕೋಣೆಯ ಬಾಗಿಲು ಹಾಕಿ, ಮೃಗಾಸ್ಪತ್ರೆಗೆ ಫೋನು ಮಾಡಿ. ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದ್ದರೆ ಅದು ಕಚ್ಚಿದಷ್ಟೇ ಗಂಭೀರ. ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದರೆ ತೊಳೆದರೆ ಸಾಕು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಅರಶಿನ, ಮೆಣಸಿನ ಹುಡಿ, ಸುಣ್ಣ ಏನನ್ನೂ ಹಚ್ಚಬಾರದು. ಆಮೇಲೆ ನೇರ ಆಸ್ಪತ್ರೆಗೆ. ಗಂಭೀರವಾದರೆ ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ (ವೈರಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್), ಜೊತೆಗೆ ಲಸಿಕೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ ಹೋಗಿ ಕಾಲವಾಯಿತು. ಈಗ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ ತೋಳಿಗೆ. ರೋಗ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ. ಕಾಣಿಸುವ ಮೊದಲು ಲಸಿಕೆಯೇ ಮದ್ದು.

ಮರಿಗೆ 3 ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸನ್ಸ್ ಬೇಕು, ಅದಕ್ಕೆ ಈ ಲಸಿಕೆಯ ಸರ್ಟಿಫಿಕೇಟೂ ಬೇಕು. ತೋಟ ಬಿಟ್ಟು ಹೊರಗೆ ಹೋಗದ ನಾಯಿಗೆ ಯಾಕೆ ಎನ್ನುವವರಿದ್ದಾರೆ. ನಾಯಿ ಹೊರಗೆ ಹೋಗದಿದ್ದರೂ ರಾತ್ರಿ ನರಿ, ಬೀದಿನಾಯಿ, ಮುಂಗುಸಿ ತೋಟಕ್ಕೆ ಬರುತ್ತವೆ.

ಮೃಗಾಸ್ಪತ್ರೆಗೆ ಹೊರಡುವಾಗ

ನಾಯಿ ಮನೆಯಲ್ಲಿ ಮಾಡಿದ್ದನ್ನು ಡಾಕ್ಟರ ಎದುರು ಮಾಡದೇ ಇರಬಹುದು. ಅದಕ್ಕೆ ಮೊಬೈಲಿನಲ್ಲಿ ಅರ್ಧ ನಿಮಿಷದ ವೀಡಿಯೋ ತೆಗೆದಿಟ್ಟುಕೊಳ್ಳಿ. ಬಿಳಿ ಬಟ್ಟೆಯಲ್ಲಿ ಜೊಲ್ಲು ಒರೆಸಿದರೆ ಬಣ್ಣ ತಿಳಿಯುತ್ತದೆ. ಒರೆಸುವುದಾದರೆ ಕೈಗವಸು ಬೇಕು, ಅದೂ ಲಸಿಕೆಯಾದ ನಾಯಿಗೆ ಮಾತ್ರ. ಎಷ್ಟು ಹೊತ್ತಿಗೆ ಶುರುವಾಯಿತು, ಕೊನೆಗೆ ತಿಂದದ್ದು ಏನು, ನುಂಗುತ್ತದೆಯೇ, ಎರಡು ಪಕ್ಕದಿಂದಲೋ ಒಂದೇ ಪಕ್ಕದಿಂದಲೋ, ಈ ವಾರ ತೋಟಕ್ಕೆ ಯಾವ ಮದ್ದು ಬಿಟ್ಟಿರಿ ಇಷ್ಟು ಹೇಳಿದರೆ ಅವರ ಅರ್ಧ ಕೆಲಸ ಆಯಿತು. ಲಸಿಕೆ ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟರೆ ಹುಡುಕುವುದು ತಪ್ಪುತ್ತದೆ. ಮದ್ದಿನ ಅನುಮಾನ ಇದ್ದರೆ ಬಾಟಲಿಯನ್ನೋ, ಅದರ ಚೀಟಿಯ ಫೋಟೋವನ್ನೋ ತಪ್ಪದೆ ತೆಗೆದುಕೊಂಡು ಹೋಗಿ. ಯಾವ ಪ್ರತಿವಿಷ ಕೊಡಬೇಕು ಎಂದು ಅವರು ತೀರ್ಮಾನಿಸುವುದು ಆ ಚೀಟಿಯಲ್ಲಿರುವ ರಾಸಾಯನಿಕದ ಹೆಸರು ನೋಡಿ.